ಕೊಳೆಗೆ ಬೋರ್ಡೊ, ಫ್ಲೂಗೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಜ್ವರಕ್ಕೆ ಎರಡು ಹಂಗಾಮು. ಅಡಿಕೆ ಕೊಯ್ಲು ಮುಗಿಯುತ್ತಾ ಬಂದು ಕಾಡಿನ ದರಗು ಗರಿಗರಿ ಒಣಗುವ ಹೊತ್ತಿಗೆ ಒಂದು. ಪುನರ್ವಸು, ಪುಷ್ಯ ಮಳೆ ಬಿಡದೆ ಹೊಯ್ಯುವಾಗ ಇನ್ನೊಂದು. ಮೊದಲನೆಯದು ಅಂದರೆ ಎಲ್ಲರಿಗೂ ಮಂಗನ ಕಾಯಿಲೆಯ ಭಯ. ಎರಡನೆಯದಕ್ಕೆ ಯಾರೂ ಹೆದರುವುದಿಲ್ಲ. "ಮಳೆಗಾಲ ಅಲ್ವಾ, ಇದ್ದಿದ್ದೇ" ಅನ್ನುತ್ತಾರೆ. ಕೊಪ್ಪದಲ್ಲಿ ಔಷಧಿ ಅಂಗಡಿ, ಊರಲ್ಲಿ ಒಂದಿಷ್ಟು ಅಡಿಕೆ ತೋಟ ಎರಡನ್ನೂ ನೋಡಿಕೊಳ್ಳುವ ನನಗೆ ಹೇಳಬೇಕಿರುವುದು ಈ ಎರಡನೆಯದರ, ಅಂದರೆ ಫ್ಲೂ ಬಗ್ಗೆಯೇ.

ಜುಲೈ ತಿಂಗಳಲ್ಲಿ ಕೊಪ್ಪೆಯ ನೀರು ಕೊಡವಿ ಕೌಂಟರಿಗೆ ಬರುವವರು ರೋಗದ ಹೆಸರು ಹೇಳುವುದಿಲ್ಲ. "ಜ್ವರಕ್ಕೆ ಒಂದು ಸೆಟ್ ಕೊಡಿ" ಅನ್ನುತ್ತಾರೆ. ಸೆಟ್ ಅಂದರೆ ಒಂದು ಜ್ವರದ್ದು, ಒಂದು ಶೀತದ್ದು, ಮತ್ತೊಂದು "ಪವರ್ ಇರೋದು". ಆ ಪವರಿನದ್ದು ಸಾಮಾನ್ಯವಾಗಿ ಅಜಿತ್ರೋಮೈಸಿನ್, ಅಂದರೆ ಆ್ಯಂಟಿಬಯಾಟಿಕ್. ಫ್ಲೂ ಬರುವುದು ವೈರಸ್ಸಿನಿಂದ. ಅದರ ಮೇಲೆ ಆ್ಯಂಟಿಬಯಾಟಿಕ್ ಏನೂ ಮಾಡದು. ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರೆ ಕೆಲವರು ಮುಖ ಊದಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ. ಉಳಿದೆರಡರಲ್ಲೂ ಒಂದು ತೊಡಕಿದೆ: ಎಷ್ಟೋ ಶೀತದ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ. ಅದರ ಮೇಲೆ ಡೋಲೊ ನುಂಗಿದರೆ ಒಂದೇ ಔಷಧಿ ಎರಡು ಪಟ್ಟು ಹೊಟ್ಟೆ ಸೇರುತ್ತದೆ. ಇದು ಪಿತ್ತಜನಕಾಂಗಕ್ಕೆ ಒಳ್ಳೆಯದಲ್ಲ. ಮಕ್ಕಳಿಗಂತೂ ಈ ಜ್ವರದಲ್ಲಿ ಆಸ್ಪಿರಿನ್ ಕೊಡಲೇಬಾರದು.

ಶೀತ ಮೆಲ್ಲಗೆ ಬರುತ್ತದೆ. ಮೂಗು ಸೋರಿ, ಸೀನು ಬಂದು, ಕೆಲಸವೂ ನಡೆದಿರುತ್ತದೆ. ಫ್ಲೂ ಹಾಗಲ್ಲ. ಬೆಳಿಗ್ಗೆ ತೋಟ ಸುತ್ತಿ ಬಂದವರು ಸಂಜೆಗೆ ಕಂಬಳಿ ಹೊದ್ದು ಮಲಗಿರುತ್ತಾರೆ. ಚಳಿಜ್ವರ, ತಲೆನೋವು, ಒಣಕೆಮ್ಮು, ಮೈಯೆಲ್ಲ ಹೊಡೆದುಹಾಕಿದ ಹಾಗೆ. ಜ್ವರ ನಾಲ್ಕೈದು ದಿನಕ್ಕೆ ಇಳಿದರೂ ಕೆಮ್ಮು, ಸುಸ್ತು ಎರಡು ವಾರ ಎಳೆಯಬಹುದು. ನೆನೆದಿದ್ದಕ್ಕೆ ಬಂತು ಅನ್ನುವುದು ನಮ್ಮವರ ಲೆಕ್ಕ. ಮಳೆಯಲ್ಲಿ ವೈರಸ್ ಇಲ್ಲ. ಇರುವುದು ಕೆಮ್ಮಿದವರ ಉಸಿರಿನ ಹನಿಯಲ್ಲಿ. ಮಳೆ ಹಿಡಿದರೆ ನಾವು ಕಿಟಕಿ ಮುಚ್ಚಿ ಒಲೆ ಸುತ್ತ ಕೂರುತ್ತೇವೆ. ಬಾಳೆಹೊನ್ನೂರಿಂದ ಬರುವ ಬಸ್ಸಿನಲ್ಲಿ ಎಲ್ಲ ಗಾಜು ಎಳೆದು ಒಬ್ಬರ ಉಸಿರು ಇನ್ನೊಬ್ಬರಿಗೆ. ಜ್ವರ ಕಾಣುವ ಹಿಂದಿನ ದಿನದಿಂದಲೇ ರೋಗ ಹರಡುತ್ತದೆ, ಆಮೇಲೂ ಐದಾರು ದಿನ. ಹಾಗಾಗಿ ಜ್ವರ ಬಂದ ಮಗುವನ್ನು ಶಾಲೆಗೆ ಕಳಿಸದಿರುವುದು, ಅಜ್ಜ ಅಜ್ಜಿಯ ಪಕ್ಕ ಮಲಗಿಸದಿರುವುದು, ಕೆಮ್ಮುವವರು ಮಾಸ್ಕ್ ಹಾಕುವುದು, ಸೋಪು ಹಚ್ಚಿ ಕೈ ತೊಳೆಯುವುದು, ಇವೆಲ್ಲ ಕೆಲಸಕ್ಕೆ ಬರುವ ಉಪಾಯಗಳೇ. ಮೆಣಸು, ಶುಂಠಿ ಕಷಾಯ ಗಂಟಲಿಗೆ ಹಿತ, ನಾನೂ ಕುಡಿಯುತ್ತೇನೆ. ವೈರಸ್ಸನ್ನು ಅದು ತಡೆಯುತ್ತದೆ ಅಂತ ನಂಬಿಲ್ಲ.

ಫ್ಲೂ ಹಳೆಯ ಶತ್ರು. 1918ರ ಇನ್‌ಫ್ಲುಯೆಂಜಾ ಭಾರತವೊಂದರಲ್ಲೇ ಕೋಟಿಗೂ ಮಿಕ್ಕಿ ಜನರನ್ನು ಕೊಂದಿತ್ತು. 2009ರಲ್ಲಿ 'ಹಂದಿಜ್ವರ' ಅಂತ ಹೆದರಿಸಿದ ಎಚ್1ಎನ್1 ಈಗ ಪ್ರತಿವರ್ಷ ಬರುವ ಮಾಮೂಲಿ ಫ್ಲೂಗಳಲ್ಲಿ ಒಂದು. 2023ರ ಮಾರ್ಚ್‌ನಲ್ಲಿ ಪಕ್ಕದ ಹಾಸನ ಜಿಲ್ಲೆಯ ವೃದ್ಧರೊಬ್ಬರು ಎಚ್3ಎನ್2 ತಗುಲಿ ತೀರಿಕೊಂಡರು.

ಮಾರ್ಚ್ ಅಂದೆ. ಗೊಂದಲ ಇರುವುದೇ ಅಲ್ಲಿ. ಮಳೆಗಾಲದ ಅಲೆ ದೊಡ್ಡದಾದರೂ ವರ್ಷದ ಮೊದಲ ತಿಂಗಳುಗಳಲ್ಲೂ ಫ್ಲೂ ಇರುತ್ತದೆ. ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಾದ ಆ ವೈರಸ್ ಉಣುಗು ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡದು. 2024ರಲ್ಲಿ ನಮ್ಮ ಜಿಲ್ಲೆಯಲ್ಲೂ ಜೀವ ತೆಗೆದಿದೆ. ಶುರುವಿನಲ್ಲಿ ಅದಕ್ಕೂ ಫ್ಲೂಗೂ ವ್ಯತ್ಯಾಸ ಹೇಳುವುದು ಕಷ್ಟ: ದಿಢೀರ್ ಜ್ವರ, ತಲೆನೋವು, ಮೈಕೈ ನೋವು. ಹಾಗಾಗಿ ಬೇಸಿಗೆಯಲ್ಲಿ ಸೊಪ್ಪು, ದರಗಿಗೆ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಫ್ಲೂ ಅಂತ ಮನೆಯಲ್ಲಿ ಕೂರಬಾರದು. ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ ರಕ್ತ ಪರೀಕ್ಷೆ ಮಾಡಿಸಬೇಕು. ಮಳೆಗಾಲಕ್ಕೆ ಇಲಿಜ್ವರ, ಡೆಂಗಿ ಇವೆ. ಆಗಲೂ ಜ್ವರ ಮೂರು ದಿನಕ್ಕೆ ಬಗ್ಗದಿದ್ದರೆ ನನ್ನ ಅಂಗಡಿಗಿಂತ ಆಸ್ಪತ್ರೆ ಮೇಲು.

ಕಾಯಲೇಬಾರದ ಸಂದರ್ಭಗಳೂ ಇವೆ. ಉಸಿರಾಟಕ್ಕೆ ಕಷ್ಟ, ಎದೆನೋವು, ಮಂಪರು, ತುಟಿ ನೀಲಿಯಾಗುವುದು, ಮಗು ಹಾಲು ಬಿಡುವುದು, ಇಳಿದ ಜ್ವರ ಮತ್ತೆ ಏರುವುದು. ಶೃಂಗೇರಿಯವರು ಮಣಿಪಾಲದ ಆಸ್ಪತ್ರೆಗೆ ಹೋಗಬೇಕಾದರೆ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಘಾಟಿಯನ್ನು ನಂಬುವ ಹಾಗಿಲ್ಲ. ರಾತ್ರಿ ಕಳೆಯಲಿ ಅನ್ನುವ ಲೆಕ್ಕ ಇಲ್ಲಿ ದುಬಾರಿ. ಫ್ಲೂಗೆ ಒಸೆಲ್ಟಮಿವಿರ್ ಎಂಬ ಔಷಧಿ ಇದೆ. ಮೊದಲ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಪ್ರಯೋಜನ. ಯಾರಿಗೆ ಬೇಕು ಅಂತ ಡಾಕ್ಟರೇ ಹೇಳಬೇಕು.

ಇನ್ನು ಲಸಿಕೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ಹೊಡೆಯಿರಿ ಅಂತ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಹೇಳಿಕೊಟ್ಟು ನೂರು ವರ್ಷ ದಾಟಿತು. ಮಳೆ ಹಿಡಿಯುವ ಮುಂಚೆ ಗೊನೆಗೆ ಮೈಲುತುತ್ತ, ಸುಣ್ಣದ ದ್ರಾವಣ ಬೀಳಲೇಬೇಕು. ಸಾಲ ಮಾಡಿಯಾದರೂ ಹೊಡೆಸುತ್ತೇವೆ. ಹೊಡೆದ ಮೇಲೂ ಅಷ್ಟಿಷ್ಟು ಉದುರುತ್ತದೆ, ಹಾಗಂತ ಮುಂದಿನ ವರ್ಷ ಯಾರೂ ಬಿಡುವುದಿಲ್ಲ. ಫ್ಲೂ ಲಸಿಕೆಯೂ ಹೀಗೆಯೇ. ವೈರಸ್ ರೂಪ ಬದಲಿಸುವುದರಿಂದ ವರ್ಷ ವರ್ಷ ತೆಗೆದುಕೊಳ್ಳಬೇಕು, ಹೊಂದಾಣಿಕೆ ಚೆನ್ನಾಗಿದ್ದ ವರ್ಷವೂ ರಕ್ಷಣೆ ನೂರಕ್ಕೆ 40ರಿಂದ 60ರಷ್ಟೇ. ಆದರೆ ಆಸ್ಪತ್ರೆ ಸೇರುವಷ್ಟು ಬಿಗಡಾಯಿಸುವುದು ಕಡಿಮೆಯಾಗುತ್ತದೆ. ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದ್ರೋಗ ಇರುವವರು ಮೊದಲು ಯೋಚಿಸಬೇಕು. ಆರು ತಿಂಗಳು ತುಂಬಿದ ಮಕ್ಕಳಿಗೂ ಕೊಡಬಹುದು. ಒಂಬತ್ತು ವರ್ಷದೊಳಗಿನವರಿಗೆ ಮೊದಲ ಬಾರಿ ತಿಂಗಳ ಅಂತರದಲ್ಲಿ ಎರಡು ಡೋಸ್. ಸರ್ಕಾರದ ಮಾಮೂಲಿ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ, ಕೈಯಿಂದಲೇ ದುಡ್ಡು ಹಾಕಬೇಕು. ಬಡವರ ಮನೆಗೆ ಇದು ಸಣ್ಣ ಮೊತ್ತವಲ್ಲ; ಸರ್ಕಾರ ಕೊನೇಪಕ್ಷ ವೃದ್ಧರಿಗಾದರೂ ಕೊಡಬೇಕಿತ್ತು ಅನ್ನುವುದು ನನ್ನ ತಕರಾರು.

ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು. ನಮ್ಮ ಕಡೆ ಅದಕ್ಕೆ ಏಪ್ರಿಲ್, ಮೇ ತಿಂಗಳೇ ಸರಿ. ಇನ್ನೊಂದು ಕಾರಣವೂ ಇದೆ: ಲಸಿಕೆ ಎರಡರಿಂದ ಎಂಟು ಡಿಗ್ರಿಯಲ್ಲೇ ಇರಬೇಕು. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಅದಕ್ಕೇ ಮಳೆ ಹಿಡಿದ ಮೇಲೆ ನಾನು ಫ್ರಿಜ್ಜಿನಲ್ಲಿ ದಾಸ್ತಾನು ಇಡುವುದಿಲ್ಲ. ಬೇಕಾದವರು ಮೇ ತಿಂಗಳಲ್ಲೇ ಹೇಳಿಟ್ಟರೆ ತರಿಸಿಕೊಡುತ್ತೇನೆ. ಡಾಕ್ಟರ ಹತ್ತಿರ ಒಯ್ಯುವಾಗ ಐಸ್ ಜೊತೆ ಡಬ್ಬಿಯಲ್ಲಿ ಒಯ್ಯಿರಿ, ಆದರೆ ಐಸಿಗೆ ನೇರವಾಗಿ ತಾಗಿಸಬೇಡಿ. ಹೆಪ್ಪುಗಟ್ಟಿದ ಲಸಿಕೆಯನ್ನು ಎಸೆಯಬೇಕಷ್ಟೆ.