ನಮ್ಮ ನೆಲವೇ ಮನೆಗೆ ಮಾದರಿ

ಸ್ವಂತ ಮನೆ ಪ್ರತಿಯೊಂದು ಕುಟುಂಬದ ಕನಸು. ಆ ಕನಸು ನನಸಾಗುವ ವೇಳೆಗೆ ನಾವು ಮೊದಲು ನೋಡುವುದು ಪಟ್ಟಣದಲ್ಲಿ ಕಂಡ ಮನೆಯನ್ನು. ನಮ್ಮ ಕಾಲಡಿಯ ಮಣ್ಣನ್ನು, ನೆತ್ತಿಯ ಮೇಲಿನ ಬಿಸಿಲನ್ನು ನೋಡುವುದು ಕಡಿಮೆ. ಸೃಷ್ಟಿ ನಮ್ಮ ಕಣ್ಣ ಮುಂದೆಯೇ ಇಟ್ಟಿರುವ ಪಾಠವನ್ನು ನಾವು ಓದುತ್ತಿದ್ದೇವೆಯೇ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ಇಲ್ಲಿನ ದೊಡ್ಡಉಳ್ಳಾರ್ತಿಯ ಸುತ್ತ ಅಮೃತಮಹಲ್ ಕಾವಲಿನ ಹುಲ್ಲುಗಾವಲು ಹರಡಿತ್ತು. ದೊಡ್ಡ ಮರಗಳು ವಿರಳ. ಹುಲ್ಲು, ಮುಳ್ಳು, ಮಣ್ಣು, ಕಲ್ಲು ಮತ್ತು ಕುರಿಯ ಉಣ್ಣೆ, ಇಷ್ಟೇ ಕೈಗೆಟುಕುವ ಸಂಪತ್ತು. ಈ ಬಡತನದಲ್ಲೇ ಹಿರಿಯರು ಮನೆಯ ವಿನ್ಯಾಸ ಕಂಡುಕೊಂಡರು.

ಮೊದಲನೆಯದಾಗಿ ಮುಳ್ಳು. ಕಾಡುಗೊಲ್ಲರು ತಮ್ಮ ಹಟ್ಟಿಯ ಸುತ್ತ ಮುಳ್ಳಿನ ಬೇಲಿ ಹಾಕಿ ಕುರಿಗಳನ್ನು ಕಾಯ್ದರು. ಚಳ್ಳಕೆರೆ ತಾಲ್ಲೂಕಿನ ಪುರ್ಲೆಹಳ್ಳಿಯ ಕ್ಯಾತೇದೇವರ ಜಾತ್ರೆಯಲ್ಲಿ ಬಾರೆ ಮುಳ್ಳಿನ ಕೊಂಬೆಗಳಿಂದಲೇ ಗುಡಿ ಕಟ್ಟುತ್ತಾರೆ. ಇಟ್ಟಿಗೆ ಇಲ್ಲ, ಗಾರೆ ಇಲ್ಲ. ಮ್ಯಾಸನಾಯಕರ ಹುಲ್ಲು ಹೊದಿಸಿದ ಗುಂಡನೆಯ ಗುಡ್ಲುಗಳೂ ಇದೇ ನೆಲದ ಕೂಸುಗಳು. ಗುಂಡನೆಯ ಗೋಡೆಗೆ ಮೂಲೆಯಿಲ್ಲ. ಬಯಲಿನ ಬಿರುಗಾಳಿ ಅದನ್ನು ಬಳಸಿಕೊಂಡು ಮುಂದೆ ಹೋಗುತ್ತದೆ.

ಎರಡನೆಯದಾಗಿ ಮಣ್ಣು. ಬಯಲುಸೀಮೆಯ ಮಾಳಿಗೆ ಮನೆಯನ್ನು ನೋಡಿ. ದಪ್ಪ ಗೋಡೆ, ಅದರ ಮೇಲೆ ತೊಲೆ, ಜಂತೆ, ಸೊಪ್ಪು, ಮಣ್ಣು, ಕೊನೆಗೆ ಚೌಳು ಮಣ್ಣಿನ ಹೊದಿಕೆ. ಬೆಳೆ ಬೆಳೆಯಲು ಬಾರದ ಈ ಮಣ್ಣನ್ನು ಮಾಳಿಗೆಯ ಮೇಲೆ ಏಕೆ ಹಾಕುತ್ತಾರೆ? ಅದರಲ್ಲಿ ಸೋಡಿಯಂ ಲವಣ ಹೆಚ್ಚು. ನೀರು ತಾಕಿದೊಡನೆ ಅದರ ಸಣ್ಣ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯದು. ಹೊಲಕ್ಕೆ ಬೇಡವಾದದ್ದು ಮನೆಗೆ ಕೊಡೆಯಾಯಿತು! ದಪ್ಪ ಮಣ್ಣು ಹಗಲಿನ ಕಾವನ್ನು ಒಳಗೆ ಬಿಡದೆ ತಡೆಯುತ್ತದೆ. ಆದರೆ ಮಾಳಿಗೆಗೆ ಭಾರ ಹೆಚ್ಚು, ಮಳೆಗಾಲಕ್ಕೆ ಮುನ್ನ ಮಣ್ಣು ಹಾಕಿಸದಿದ್ದರೆ ಸೋರುತ್ತದೆ, ಕೆಲವೊಮ್ಮೆ ಕುಸಿದು ಜೀವಹಾನಿಯೂ ಆಗುತ್ತದೆ. ಹಳೆಯದೆಲ್ಲ ಒಳ್ಳೆಯದೆಂದು ನಾವು ಹೇಳುವುದಿಲ್ಲ.

ಮೂರನೆಯದಾಗಿ ಹುತ್ತ. ಜಿಂಬಾಬ್ವೆಯ ಹರಾರೆಯಲ್ಲಿ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಗೆದ್ದಲ ಹುತ್ತವನ್ನು ಕಂಡು ಈಸ್ಟ್‌ಗೇಟ್ ಸೆಂಟರ್ ಕಟ್ಟಡವನ್ನು ರೂಪಿಸಿದರು. ಅದು 1996ರಲ್ಲಿ ಮುಗಿಯಿತು. ರಾತ್ರಿಯ ತಂಪು ಗಾಳಿ ಕಾಂಕ್ರೀಟನ್ನು ತಣಿಸುತ್ತದೆ, ಬಿಸಿ ಗಾಳಿ ಮೇಲಿನ ಚಿಮಣಿಗಳಿಂದ ಹೊರಹೋಗುತ್ತದೆ. ಸಾಮಾನ್ಯ ಹವಾನಿಯಂತ್ರಣ ಯಂತ್ರ ಬೇಕಾಗಲಿಲ್ಲ. ಹುತ್ತದೊಳಗೆ ಗಾಳಿಯಾಡುವ ಬಗೆ ಅವರು ಭಾವಿಸಿದಷ್ಟು ಸರಳವಲ್ಲವೆಂದು ನಂತರದ ಸಂಶೋಧನೆ ತೋರಿಸಿತು. ಆದರೂ ಕಟ್ಟಡ ತಂಪಾಗಿಯೇ ಉಳಿಯಿತು. ಪ್ರಕೃತಿಯನ್ನು ನಕಲು ಮಾಡಬೇಕಿಲ್ಲ, ಅದನ್ನು ಕಂಡು ಯೋಚಿಸಿದರೆ ಸಾಕು.

ನಮ್ಮಲ್ಲೂ ಅಂಥ ಯೋಚನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿತು. ಸುಡಲು ಸೌದೆ ಬೇಡ. ಕಪ್ಪು ಎರೆಮಣ್ಣಾದರೆ ಮರಳು ಬೆರೆಸಿ ಹದ ಮಾಡಬೇಕು.

ಪ್ರಿಯ ಓದುಗರೇ, ಇಲ್ಲೊಂದು ನೋವಿನ ಮಾತೂ ಇದೆ. 2000ದ ದಶಕದ ಕೊನೆಯಲ್ಲಿ ದೊಡ್ಡಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆ ರಕ್ಷಣೆ, ವಿಜ್ಞಾನ ಮತ್ತಿತರ ಸಂಸ್ಥೆಗಳ ಪಾಲಾಯಿತು. ಕುರಿಗೆ ಮೇವು, ಗುಡ್ಲಿಗೆ ಹುಲ್ಲು, ಕಂಬಳಿಗೆ ಉಣ್ಣೆ ಕೊಟ್ಟ ಬಯಲಿಗೆ ಬೇಲಿ ಬಿತ್ತು. ಹುಲ್ಲನ್ನೇ ನೋಡದೆ ಬೆಳೆದ ಮಗು ಹುಲ್ಲಿನಿಂದ ಏನನ್ನು ಕಲಿತೀತು? ಪ್ರಕೃತಿಯ ಸ್ಫೂರ್ತಿ ಬೇಕೆನ್ನುವವರು ಪ್ರಕೃತಿಯನ್ನೂ ಉಳಿಸಿಕೊಳ್ಳಬೇಕು.

ಹಾಗಾದರೆ ನಾವೇನು ಮಾಡಬಹುದು? ತಾರಸಿ ಮನೆಯೇ ಆದರೂ ಚಾವಣಿಗೆ ಬಿಳಿ ಸುಣ್ಣ ಬಳಿಯೋಣ, ಕಾವು ತಗ್ಗುತ್ತದೆ. ಪಡುವಣ ಗೋಡೆಗೆ ಕಿಟಕಿ ಕಡಿಮೆ ಮಾಡಿ ಒಂದು ಬೇವಿನ ಗಿಡ ನೆಡೋಣ. ಗೋಡೆಯ ಮೇಲ್ಭಾಗದಲ್ಲಿ ಬಿಸಿ ಗಾಳಿ ಹೊರಹೋಗಲು ಕಿಂಡಿ ಬಿಡೋಣ. ನೆಲಕ್ಕೆ ದುಬಾರಿ ಹಾಸು ತರುವ ಬದಲು ಊರಿನ ನೇಕಾರರ ಕಂಬಳಿ ಹಾಸೋಣ. ಎಲ್ಲಕ್ಕಿಂತ ಮೊದಲು, ಪಾಯ ತೋಡುವ ಮುನ್ನ, ಊರಿನ ಹಿರಿಯರನ್ನು ಕರೆದು ಒಂದು ಮಾತು ಕೇಳೋಣ: 'ಅಜ್ಜಾ, ಇಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ?' ಉತ್ತಮ ನಕ್ಷೆ ಆರಂಭವಾಗುವುದು ಆ ಉತ್ತರದಿಂದಲೇ.