ಕಟ್ಟುಹಾವಿನ ವೇಷದ ತೋಳಹಾವು

ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ ಗೋಣಿಚೀಲ ಎತ್ತಿದಾಗಲೋ, ಕಾಫಿ ಕಣದ ಅಂಚಿನ ಸೌದೆ ರಾಶಿ ಸರಿಸಿದಾಗಲೋ ಬಿಳಿ ಪಟ್ಟೆಗಳ ಕಪ್ಪು ಹಾವೊಂದು ಹೊರಬಿದ್ದರೆ ಮುಂದೇನಾಗುತ್ತದೆಂಬುದು ಸದಸ್ಯ ಬಾಂಧವರಿಗೆ ತಿಳಿದೇ ಇದೆ. "ಕಟ್ಟುಹಾವು!" ಎಂದು ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ದೊಣ್ಣೆ ತರುತ್ತಾರೆ. ಹೀಗೆ ಸಾಯುವ ಹಾವುಗಳಲ್ಲಿ ಎಷ್ಟೋ ಕಟ್ಟುಹಾವುಗಳೇ ಅಲ್ಲ, ಮನುಷ್ಯನಿಗೆ ಅಪಾಯವಿಲ್ಲದ ತೋಳಹಾವುಗಳು. ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಕೆಟ್ಟದ್ದು. ತೋಳಹಾವೆಂದು ಬಗೆದು ಕೈಹಾಕಿದ್ದು ಕಟ್ಟುಹಾವಾಗಿದ್ದರೆ ಪ್ರಾಣಕ್ಕೇ ಸಂಚಕಾರ. ಬೇರೆ ಬೇರೆ ಕುಲದ ಈ ಎರಡು ಹಾವುಗಳು ಇಷ್ಟೊಂದು ಹೋಲುವುದೇಕೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಕಟ್ಟುಹಾವನ್ನು ಕೆಲವೆಡೆ ಕಡಂಬಳವೆಂದೂ ಕರೆಯುವುದುಂಟು. ನಾಗರಹಾವು, ಕೊಳಕುಮಂಡಲ, ಗರಗಸಮಂಡಲಗಳ ಜೊತೆಗೆ ಇದು ನಮ್ಮ ದೇಶದ ನಾಲ್ಕು ಮುಖ್ಯ ವಿಷದ ಹಾವುಗಳಲ್ಲೊಂದು. ತೋಟದ ಸೀಮೆಯಲ್ಲಷ್ಟೇ ಅಲ್ಲ, ಹುನಗುಂದದ ಕಡೆಯ ಮರೋಳದಂತಹ ಬಯಲುಸೀಮೆಯ ಊರುಗಳ ಸುತ್ತಲೂ ಈ ಜೋಡಿ ಇದೆ. ಎರಡೂ ರಾತ್ರಿ ಸಂಚರಿಸುತ್ತವೆ, ಎರಡೂ ಮನೆಯ ಸುತ್ತಮುತ್ತ ಸುಳಿಯುತ್ತವೆ. ತೋಳಹಾವಿನ ಆಹಾರ ಮುಖ್ಯವಾಗಿ ಹಲ್ಲಿ ಮತ್ತು ಹಾವುರಾಣಿ. ಕಟ್ಟುಹಾವು ಇಲಿ, ಹಲ್ಲಿಗಳನ್ನಲ್ಲದೆ ಬೇರೆ ಹಾವುಗಳನ್ನೂ ನುಂಗುತ್ತದೆ.

ತೋಳಹಾವು ಬೇಕೆಂದು ವೇಷ ಕಟ್ಟಿದ್ದಲ್ಲ. ನಾವು ಬೀಜದ ಅಡಿಕೆ ಆರಿಸುವ ಕ್ರಮವನ್ನು ನೆನೆದರೆ ಸಂಗತಿ ಸುಲಭವಾಗಿ ತಿಳಿಯುತ್ತದೆ. ಒಳ್ಳೆಯ ಫಸಲು ಕೊಡುವ ತಾಯಿಮರದ ಕಾಯಿಯನ್ನೇ ಆರಿಸಿ ನೆಡುತ್ತೇವೆ. ಸಾಧಾರಣ ಮರದ ಕಾಯಿ ಮಾರಾಟಕ್ಕೆ ಹೋಗುತ್ತದೆ. ಪ್ರಕೃತಿಯಲ್ಲಿ ಈ ಆಯ್ಕೆಯನ್ನು ಮಾಡುವವರು ಹಾವು ತಿನ್ನುವ ಹಕ್ಕಿ, ಮುಂಗುಸಿ ಮೊದಲಾದ ಶತ್ರುಗಳು. ಬಹಳ ಹಿಂದೆ ತೋಳಹಾವಿನ ಪೂರ್ವಜರ ಮರಿಗಳಲ್ಲಿ ಕೆಲವಕ್ಕೆ ಮೈಮೇಲೆ ಮಸುಕಾದ ಅಡ್ಡಗೆರೆ ಇದ್ದಿರಬೇಕು. ಅದನ್ನು ಕಂಡ ಶತ್ರು ಒಂದು ಕ್ಷಣ ಹಿಂಜರಿದರೂ ಸಾಕು, ಆ ಮರಿ ಬಿಲ ಸೇರಿತು, ಬೆಳೆದು ಮೊಟ್ಟೆಯಿಟ್ಟಿತು. ಗೆರೆಯಿಲ್ಲದವು ಹೆಚ್ಚಾಗಿ ತುತ್ತಾದವು. ತಲೆಮಾರಿನಿಂದ ತಲೆಮಾರಿಗೆ ಗೆರೆ ಸ್ಪಷ್ಟವಾಗುತ್ತ ಕಟ್ಟುಹಾವಿನ ಪಟ್ಟೆಗೆ ಸಮೀಪವಾಯಿತು.

ಈ ಬಗೆಯ ಅನುಕರಣೆಯನ್ನು ಮೊದಲು ವಿವರಿಸಿದವರು ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್. ಅವರು ಅಮೆಜಾನ್ ಕಾಡಿನಲ್ಲಿ 11 ವರ್ಷ ಅಲೆದು, ಅಲ್ಲಿನ ಚಿಟ್ಟೆಗಳನ್ನು ಆಧರಿಸಿ 1862ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ತೋಟದಲ್ಲೂ ಅಂತಹ ಚಿಟ್ಟೆಯಿದೆ. ನಿಂಬೆ, ಕಿತ್ತಳೆ, ಕರಿಬೇವಿನ ಎಲೆ ತಿಂದು ಬೆಳೆಯುವ ಒಂದು ಕಪ್ಪು ಚಿಟ್ಟೆಯ ಹೆಣ್ಣುಗಳಲ್ಲಿ ಹಲವು, ಈಶ್ವರಿ ಬಳ್ಳಿ ತಿಂದು ಮೈಯಲ್ಲಿ ವಿಷ ತುಂಬಿಕೊಂಡ ಕೆಂಪು ಮೈಯ ಚಿಟ್ಟೆಯಂತೆ ಕಾಣುತ್ತವೆ. ಹಕ್ಕಿಗಳು ಅವನ್ನೂ ಮುಟ್ಟಲು ಹಿಂಜರಿಯುತ್ತವೆ.

ವೇಷ ಫಲಿಸಬೇಕಾದರೆ ನಿಜವಾದ ವಿಷದ ಹಾವು ಅದೇ ಸೀಮೆಯಲ್ಲಿ ಇರಬೇಕು. ಅಮೆರಿಕದ ಕೆರೊಲಿನಾ ಪ್ರಾಂತ್ಯಗಳಲ್ಲಿ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2001ರಲ್ಲಿ ವರದಿ ಮಾಡಿದರು. ಅಲ್ಲಿ ವಿಷದ ಹವಳದ ಹಾವನ್ನು ಹೋಲುವ ನಿರುಪದ್ರವಿ ಹಾವೊಂದಿದೆ. ಅದರಂತೆ ಬಣ್ಣದ ಬಳೆಗಳಿರುವ ಮೆತ್ತನೆಯ ಗೊಂಬೆ ಹಾವುಗಳನ್ನು ಕಾಡಿನಲ್ಲಿ ಇಟ್ಟು, ಮೃಗಗಳು ಕಚ್ಚಿದ ಗುರುತುಗಳನ್ನು ಲೆಕ್ಕಹಾಕಿದರು. ಹವಳದ ಹಾವಿರುವ ಕಡೆ ಬಳೆಯ ಗೊಂಬೆಗಳಿಗೆ ಕಡಿತ ಕಡಿಮೆ. ಅದಿಲ್ಲದ ಕಡೆ ಬಳೆಯಿಂದ ಯಾವ ರಕ್ಷಣೆಯೂ ಸಿಗಲಿಲ್ಲ. ಭಯ ಇರುವಲ್ಲಿ ಮಾತ್ರ ವೇಷಕ್ಕೆ ಬೆಲೆ.

ವಿಪರ್ಯಾಸವಿರುವುದೂ ಇಲ್ಲೇ. ಪಟ್ಟೆ ಕಂಡ ಹಕ್ಕಿ ದೂರ ಸರಿಯುತ್ತದೆ. ಪಟ್ಟೆ ಕಂಡ ಮನುಷ್ಯ ದೊಣ್ಣೆ ಹಿಡಿದು ಹತ್ತಿರ ಬರುತ್ತಾನೆ. ಇತರ ಶತ್ರುಗಳಿಂದ ತೋಳಹಾವನ್ನು ಕಾಪಾಡಿದ ವೇಷವೇ ನಮ್ಮ ಅಂಗಳದಲ್ಲಿ ಅದರ ಜೀವಕ್ಕೆ ಮುಳುವಾಗಿದೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ತೋಳಹಾವಿನ ಪಟ್ಟೆ ಕುತ್ತಿಗೆಯ ಬಳಿಯಲ್ಲೇ ಅಗಲವಾಗಿ ಆರಂಭವಾಗಿ ಬಾಲದ ಕಡೆಗೆ ಮಾಸುತ್ತ ಹೋಗುತ್ತದೆ. ಬೆಳೆದ ಕಟ್ಟುಹಾವಿನಲ್ಲಿ ತಲೆಯಿಂದ ಸ್ವಲ್ಪ ದೂರದವರೆಗೆ ಪಟ್ಟೆ ಕಾಣದಿರಬಹುದು. ಹಿಂದಕ್ಕೆ ಹೋದಂತೆ ತೆಳು ಪಟ್ಟೆಗಳು, ಹಲವು ಬಾರಿ ಜೋಡಿಜೋಡಿಯಾಗಿ, ಸ್ಪಷ್ಟವಾಗುತ್ತವೆ. ಕಟ್ಟುಹಾವಿನ ಬೆನ್ನಿನ ನಡುವೆ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲಿದೆ, ತೋಳಹಾವಿಗೆ ಅದಿಲ್ಲ. ಆದರೆ ಕಟ್ಟುಹಾವಿನ ಮರಿಗಳಲ್ಲಿ ಪಟ್ಟೆ ಕುತ್ತಿಗೆಯ ಹತ್ತಿರದಿಂದಲೇ ಇರಬಹುದು, ಪಟ್ಟೆ ಮಾಸಿದ ಹಾವುಗಳೂ ಉಂಟು. ಲಾಟೀನು, ಟಾರ್ಚಿನ ಬೆಳಕಿನಲ್ಲಿ ಹುರುಪೆ ನೋಡುವಷ್ಟು ಹತ್ತಿರ ಹೋಗುವುದೇ ಅಪಾಯ. ಹಸಿದ ಹದ್ದಿನ ಕಣ್ಣಿಗೇ ಮೋಸ ಮಾಡುವ ವೇಷ ನಮ್ಮ ಕಣ್ಣಿಗೂ ಮೋಸ ಮಾಡೀತು.

ಆದ್ದರಿಂದ ನಮ್ಮ ಸಲಹೆ ಇಷ್ಟೇ. ಪಟ್ಟೆಯ ಹಾವನ್ನು ಕಟ್ಟುಹಾವೆಂದೇ ತಿಳಿದು ದೂರ ನಿಲ್ಲಿರಿ, ಆದರೆ ಕೊಲ್ಲಬೇಡಿರಿ. ಹೊರಹೋಗಲು ದಾರಿ ಬಿಡಿರಿ, ಇಲ್ಲವೇ ಅನುಭವವುಳ್ಳ ಹಾವು ಹಿಡಿಯುವವರನ್ನು ಕರೆಯಿರಿ. ಸೌದೆ, ಅಡಿಕೆ ಸಿಪ್ಪೆಯ ರಾಶಿಯನ್ನು ಮನೆಯ ಗೋಡೆಗೆ ತಾಗಿಸಬೇಡಿರಿ. ಕೆಲಸದವರ ಮನೆಗಳಲ್ಲಿ ನೆಲದ ಮೇಲೆ ಮಲಗುವವರಿಗೆ ಮಂಚ, ಸೊಳ್ಳೆಪರದೆ ಒದಗಿಸಿರಿ. ಕಟ್ಟುಹಾವು ಹೆಚ್ಚಾಗಿ ಕಡಿಯುವುದು ರಾತ್ರಿ ನೆಲದಲ್ಲಿ ಮಲಗಿದವರನ್ನೇ. ಅದರ ಕಡಿತ ಅಷ್ಟಾಗಿ ನೋಯುವುದಿಲ್ಲ, ಗುರುತೂ ಕಾಣದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ಹಾವು ಕಡಿತವೆಂದೇ ಶಂಕಿಸಿರಿ. ಗಾಯ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಡಿತಕ್ಕೊಳಗಾದವರನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಕೊಂದು ಜೊತೆಗೆ ಒಯ್ಯಬೇಕಾಗಿಲ್ಲ, ವೈದ್ಯರು ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿದೆ.

ಆ ಚಿಕಿತ್ಸೆಯ ಹಿಂದೆಯೂ ಒಂದು ಸಹಕಾರ ಸಂಘವಿದೆಯೆಂಬುದು ನಮಗೆ ಸಂತೋಷದ ವಿಷಯ. ತಮಿಳುನಾಡಿನ ಇರುಳ ಜನಾಂಗದವರು 1978ರಲ್ಲಿ ಕಟ್ಟಿಕೊಂಡ ಸಂಘದ ಸದಸ್ಯರು ಹಾವು ಹಿಡಿದು, ವಿಷ ತೆಗೆದು, ಹಾವನ್ನು ಮತ್ತೆ ಕಾಡಿಗೇ ಬಿಡುತ್ತಾರೆ. ಆ ವಿಷದಿಂದಲೇ ಪ್ರತಿವಿಷದ ಔಷಧ ತಯಾರಾಗುತ್ತದೆ. ಹಾವನ್ನು ಕೊಲ್ಲದೆಯೂ ಮನುಷ್ಯರನ್ನು ಉಳಿಸಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.