ಹಳೇ ಕಿಟ್ ವಿಮಾನ ತಂದು ಮನೆ ಶೆಡ್‌ನಲ್ಲೇ ರೆಡಿ ಮಾಡಿ ಹಾರಿಸಬಹುದಾ? ಫಾರ್ವರ್ಡ್ ಹೇಳದ ಉಳಿದರ್ಧ ಇಲ್ಲಿದೆ

“ಮನೆಯಲ್ಲೇ ವಿಮಾನ ಕಟ್ಟಿದ ಭಾರತೀಯ”, “ಯೂಟ್ಯೂಬ್ ನೋಡಿ ವಿಮಾನ ಮಾಡಿದ ಹಳ್ಳಿ ಹುಡುಗ, ಶೇರ್ ಮಾಡಿ ಪ್ರೋತ್ಸಾಹಿಸಿ”. ಈ ಧಾಟಿಯ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರುತ್ತದೆ. ಓದಿದವರಿಗೆ ಸಹಜವಾಗಿ ಮೂಡುವ ಪ್ರಶ್ನೆ ಒಂದಿದೆ. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ ಕಡೆ ಲೇತ್ ಇದೆ, ವೆಲ್ಡಿಂಗ್ ಗೊತ್ತಿರುವ ಕೈಗಳಿವೆ, ಖಾಲಿ ಶೆಡ್‌ಗಳಿವೆ. ಯಾರೋ ಬಳಸಿ ಬಿಟ್ಟ ಸಣ್ಣ ಕಿಟ್ ವಿಮಾನ ತಂದು ಸರಿಪಡಿಸಿ ಹಾರಿಸಬಾರದೇಕೆ?

ಚಿಕ್ಕ ಉತ್ತರ: ಮನೆ ಶೆಡ್‌ನಲ್ಲಿ ಸರಿಪಡಿಸುವುದು ಸಾಧ್ಯ, ಪ್ರಪಂಚದ ಹಲವೆಡೆ ಜನ ಮಾಡುತ್ತಲೇ ಇದ್ದಾರೆ. ಆದರೆ “ಎಂಜಿನ್ ಸ್ಟಾರ್ಟ್ ಆಯ್ತು, ಇನ್ನೇನು ಹಾರೋದೇ” ಎಂಬುದು ಸುಳ್ಳು, ಪ್ರಾಣ ತೆಗೆಯುವ ಸುಳ್ಳು.

ಫಾರ್ವರ್ಡ್‌ನಲ್ಲಿ ಬರುವ ಆ ವಿಮಾನ

ಹೆಚ್ಚು ಸುತ್ತಾಡಿದ ಕಥೆ ಕೇರಳದ ಆಲಪ್ಪುಳ ಮೂಲದ, ಇಂಗ್ಲೆಂಡಿನಲ್ಲಿ ನೆಲೆಸಿರುವ ಅಶೋಕ್ ತಾಮರಾಕ್ಷನ್ ಅವರದು. ಲಾಕ್‌ಡೌನ್ ಸಮಯದಲ್ಲಿ ಅವರು ನಾಲ್ಕು ಸೀಟಿನ ವಿಮಾನ ಜೋಡಿಸಿದ್ದು ನಿಜ. 2022ರಲ್ಲಿ ಕುಟುಂಬದ ಜೊತೆ ಅದರಲ್ಲಿ ಪ್ರವಾಸ ಹೋದದ್ದೂ ನಿಜ. ಫಾರ್ವರ್ಡ್‌ಗಳು ಬಿಟ್ಟುಬಿಡುವ ಸಂಗತಿ ಬೇರೆ. ಅದು ಗುಜರಿಯಿಂದ ಹುಟ್ಟಿದ್ದಲ್ಲ, ದಕ್ಷಿಣ ಆಫ್ರಿಕಾದ ಸ್ಲಿಂಗ್ ಕಂಪನಿಯ ಕಿಟ್. ಅವರು ಮೆಕ್ಯಾನಿಕಲ್ ಎಂಜಿನಿಯರ್, ಪೈಲಟ್ ಲೈಸೆನ್ಸ್ ಅದಕ್ಕೂ ಮೊದಲೇ ಇತ್ತು. ಜೋಡಣೆಯನ್ನು ತಪಾಸಕರು ನೋಡಿ, ಪರೀಕ್ಷಾ ಹಾರಾಟ ಮುಗಿದ ಮೇಲಷ್ಟೇ ಪರವಾನಗಿ ಸಿಕ್ಕಿತು.

ಇನ್ನು ಬೆಂಗಳೂರಿನವರಿಗೇ ಅಷ್ಟಾಗಿ ಗೊತ್ತಿಲ್ಲದ ವಿಷಯ: ಇಂಥ ಕಿಟ್‌ಗಳನ್ನು ತಯಾರಿಸಿ ವಿದೇಶಕ್ಕೆ ಕಳಿಸಿದ ಊರು ನಮ್ಮದೇ. ರಾಜಹಂಸ ಅಲ್ಟ್ರಾಲೈಟ್ಸ್ ಎಂಬ ಬೆಂಗಳೂರಿನ ಕಂಪನಿಯ ಎರಡು ಸೀಟಿನ ‘ಎಕ್ಸ್-ಏರ್’ ಕಿಟ್‌ಗಳು ಬ್ರಿಟನ್ ಸೇರಿ ಹಲವು ದೇಶಗಳಿಗೆ ಹೋದವು. ಅದರ ಒಂದು ಮಾದರಿಯ ಹೆಸರು ‘ಹನುಮಾನ್’! ಕಂಪನಿ ಕಟ್ಟಿದವರು ಫ್ರಾನ್ಸ್‌ನಿಂದ ಬಂದ ಜೋಯೆಲ್ ಕೆಕ್ಲಾ, ನಟಿ ಕಲ್ಕಿ ಅವರ ತಂದೆ. ಅಲ್ಯೂಮಿನಿಯಂ ಪೈಪ್‌ಗಳನ್ನು ಬೋಲ್ಟ್ ಹಾಕಿ ಜೋಡಿಸಿ, ಮೇಲೆ ಪಾಲಿಯೆಸ್ಟರ್ ಬಟ್ಟೆ ಎಳೆದು ಹೊದಿಸಿದರೆ ಎಕ್ಸ್-ಏರ್‌ನ ದೇಹ ಸಿದ್ಧ. ಹಾಗಾಗಿ ಹಳೇ ಕಿಟ್ ವಿಮಾನದಲ್ಲಿ ಏನೇನು ಕೆಡುತ್ತದೆ ಎಂದು ತಿಳಿಯಲು ಇದೇ ಒಳ್ಳೆಯ ಉದಾಹರಣೆ.

ಕಣ್ಣಿಗೆ ಕಾಣದ ಸವೆತ

ಮೊದಲು ಬಟ್ಟೆ. ಮಗ್ಗದ ಊರಾದ ದೊಡ್ಡಬಳ್ಳಾಪುರದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬಿಸಿಲಿನ ನೇರಳಾತೀತ ಕಿರಣ ಪಾಲಿಯೆಸ್ಟರ್ ನೂಲಿನ ಉದ್ದನೆಯ ಅಣುಸರಪಳಿಗಳನ್ನು ಸ್ವಲ್ಪಸ್ವಲ್ಪವೇ ತುಂಡರಿಸುತ್ತದೆ. ಬಣ್ಣ ಚೆನ್ನಾಗಿಯೇ ಇರಬಹುದು, ಬಲ ಹೋಗಿರುತ್ತದೆ. ರೆಕ್ಕೆಯ ಮೇಲ್ಭಾಗದ ಬಟ್ಟೆ ಮತ್ತು ಹೊಲಿಗೆಯ ದಾರ ಮೊದಲು ಸೋಲುತ್ತವೆ. ಬೆರಳಲ್ಲಿ ತಟ್ಟಿ “ಗಟ್ಟಿ ಇದೆ” ಎಂದರೆ ಸಾಲದು. ಬ್ರಿಟನ್ನಿನಲ್ಲಿ ಇದಕ್ಕೆ ‘ಬೆಟ್ಸೋಮೀಟರ್’ ಎಂಬ ಪುಟ್ಟ ಉಪಕರಣ ಬಳಸುತ್ತಾರೆ. ಬಟ್ಟೆಗೆ ಸೂಜಿ ಚುಚ್ಚಿ, ಸ್ಪ್ರಿಂಗ್ ತಕ್ಕಡಿಯಿಂದ ನಿಗದಿತ ಬಲದಲ್ಲಿ ಎಳೆಯುತ್ತಾರೆ. ಹರಿದರೆ ಆ ಹೊದಿಕೆ ಬದಲಾಯಿಸಲೇಬೇಕು.

ಆಮೇಲೆ ಪೈಪ್. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ಮಾತಿದೆ. ಕೆಂಪು ತುಕ್ಕು ಬರುವುದಿಲ್ಲ ಅಷ್ಟೇ. ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂ ಒಳಗೆ ಹಾದುಹೋಗುವ ಕಡೆ, ಮಳೆಗಾಲದ ತೇವ ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿ ಹುಟ್ಟಿದಂತೆ. ಎರಡು ಲೋಹಗಳ ಪೈಕಿ ಅಲ್ಯೂಮಿನಿಯಂ ಕರಗುತ್ತಾ ಹೋಗಿ, ಬಿಳಿ ಪುಡಿಯಾಗಿ ಕಾಣುತ್ತದೆ. ವರ್ಷಗಟ್ಟಲೆ ಅದುರಿದ ಬೋಲ್ಟ್ ರಂಧ್ರ ದುಂಡಗಿನಿಂದ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಇದು ಬೋಲ್ಟ್ ಬಿಚ್ಚದೆ ಗೊತ್ತಾಗುವುದೇ ಇಲ್ಲ.

ಇಲ್ಲೇ ನಮ್ಮ ಊರಿನ ಕೌಶಲ್ಯ ಅಪಾಯಕ್ಕೆ ತಿರುಗುವುದು. ಪೈಪ್ ಬಿರುಕು ಬಿಟ್ಟಿದೆಯೇ? ವೆಲ್ಡ್ ಹಾಕೋಣ ಎನ್ನುವುದು ಸಹಜ. ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ಬಳಸುವ 6061-ಟಿ6 ಅಲ್ಯೂಮಿನಿಯಂಗೆ ಬಲ ಬರುವುದು ಕಾರ್ಖಾನೆಯಲ್ಲಿ ಕೊಟ್ಟ ಶಾಖ ಸಂಸ್ಕಾರದಿಂದ. ಮತ್ತೆ ವೆಲ್ಡಿಂಗ್ ಶಾಖ ತಗುಲಿದ ಕೂಡಲೇ ಸುತ್ತಲಿನ ಲೋಹ ಮೆತ್ತಗಾಗಿ, ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ವೆಲ್ಡ್ ಎಷ್ಟೇ ಅಂದವಾಗಿರಲಿ, ಪಕ್ಕದಲ್ಲೇ ಪೈಪ್ ಮಡಚಿಕೊಳ್ಳಬಹುದು. ಬೋಲ್ಟ್ ಕಥೆಯೂ ಇದೇ. ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಅಳತೆಗೆ ಸರಿಯಾಗಿ ಕೂರಬಹುದು, ಅದರ ಉಕ್ಕು ಎಷ್ಟು ಭಾರ ತಡೆಯುತ್ತದೆ ಎಂಬುದಕ್ಕೆ ದಾಖಲೆ ಇರುವುದಿಲ್ಲ. ಸ್ಕೂಟರ್‌ನಲ್ಲಿ ಬೋಲ್ಟ್ ಮುರಿದರೆ ರಸ್ತೆ ಬದಿ ನಿಲ್ಲಿಸಬಹುದು.

ಎಂಜಿನ್ ಬಗ್ಗೆ ಜನರಿಗೆ ಅತಿ ಕುತೂಹಲ, ಅತಿ ಕಡಿಮೆ ಭಯ. ಹಳೇ ಎಕ್ಸ್-ಏರ್‌ಗಳಲ್ಲಿ ಕಾಣುವ ರೋಟ್ಯಾಕ್ಸ್ 582 ಎಂಬ ಟೂ-ಸ್ಟ್ರೋಕ್ ಎಂಜಿನ್ ಅನ್ನು 300 ಗಂಟೆ ಅಥವಾ 5 ವರ್ಷ, ಯಾವುದು ಮೊದಲೋ ಅದಕ್ಕೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕೆಂದು ತಯಾರಕರೇ ಹೇಳುತ್ತಾರೆ. ಈ ಎಂಜಿನ್ ಹಠಾತ್ತಾಗಿ ನಿಲ್ಲಬಹುದು, ಇಳಿಯಲು ಜಾಗ ಇಲ್ಲದ ಕಡೆ ಹಾರಬೇಡಿ ಎಂಬ ಎಚ್ಚರಿಕೆಯೂ ಅವರ ಕೈಪಿಡಿಯಲ್ಲೇ ಇದೆ. ಹಾಗಾಗಿ “ಎಂಟು ವರ್ಷ ನಿಂತೇ ಇತ್ತು, ಓಡೇ ಇಲ್ಲ, ಹೊಸದರಂತೆ” ಎಂದು ಮಾರುವವರ ಮಾತಿಗೆ ಬೆಲೆಯಿಲ್ಲ. ನಿಂತ ಎಂಜಿನ್‌ನ ಬೇರಿಂಗ್‌ಗೆ ತೇವ ಹಿಡಿದಿರುತ್ತದೆ, ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ.

ಪೆಟ್ರೋಲ್ ವಿಷಯವೂ ಸೇರಿಕೊಂಡಿದೆ. 20% ಎಥೆನಾಲ್ ಬೆರೆತ ಪೆಟ್ರೋಲ್ ಬಗ್ಗೆ ಬೈಕ್ ಸವಾರರ ಗ್ರೂಪ್‌ಗಳಲ್ಲಿ ಸಾಕಷ್ಟು ಉತ್ಪ್ರೇಕ್ಷೆ ಓಡಾಡುತ್ತದೆ. ಆದರೆ ವಿಮಾನಕ್ಕೆ ಬಂದಾಗ ಎಚ್ಚರಿಕೆ ನ್ಯಾಯವಾದದ್ದೇ. ಹೆಚ್ಚು ಬಳಕೆಯಲ್ಲಿರುವ ರೋಟ್ಯಾಕ್ಸ್ 912 ಎಂಜಿನ್‌ಗೆ ಕಂಪನಿ ಒಪ್ಪುವ ಎಥೆನಾಲ್ ಮಿತಿ 10%. ಎಥೆನಾಲ್ ನೀರು ಹೀರುತ್ತದೆ, ಹಳೇ ಪೈಪು ಮತ್ತು ಕೆಲವು ಫೈಬರ್ ಟ್ಯಾಂಕ್‌ಗಳನ್ನು ಮೆತ್ತಗಾಗಿಸುತ್ತದೆ. ಬಂಕ್‌ನಿಂದ ಕ್ಯಾನಿನಲ್ಲಿ ತಂದು ಸುರಿಯುವ ಕೆಲಸ ಬೇಡ.

ಶೆಡ್‌ನಲ್ಲಿ ಬಿದ್ದಿದ್ದ ವಿಮಾನಕ್ಕೆ ಬಾಡಿಗೆದಾರರೂ ಇರುತ್ತಾರೆ. ಇಲಿ ಗೂಡು ಕಟ್ಟಿದರೆ ಅದರ ಮೂತ್ರ ಅಲ್ಯೂಮಿನಿಯಂ ತಿನ್ನುತ್ತದೆ. ಮಣ್ಣಿನ ಗೂಡು ಕಟ್ಟುವ ಕಡಜ ವೇಗ ಅಳೆಯುವ ‘ಪೀಟೋ’ ನಳಿಕೆಯೊಳಗೆ ಸೇರಿದರೆ ಸ್ಪೀಡ್ ಮೀಟರ್ ಸುಳ್ಳು ಹೇಳುತ್ತದೆ. ನಗಬೇಡಿ. 1996ರಲ್ಲಿ ಡೊಮಿನಿಕನ್ ರಿಪಬ್ಲಿಕ್ ಬಳಿ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಜನ ಸತ್ತಾಗ, ಮುಚ್ಚಿಹೋಗಿದ್ದ ಪೀಟೋ ನಳಿಕೆಯಲ್ಲಿ ಇಂಥದೇ ಗೂಡಿತ್ತೆಂಬ ಶಂಕೆ ವ್ಯಕ್ತವಾಗಿತ್ತು.

ಎಲ್ಲ ಸರಿಪಡಿಸಿದ ಮೇಲೂ ತೂಕ ಹಾಕಬೇಕು, ಮೂರು ಚಕ್ರದ ಕೆಳಗೆ ಮೂರು ತಕ್ಕಡಿ ಇಟ್ಟು. ಒಟ್ಟು ತೂಕಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ಮುಖ್ಯ. ಬಾಲಕ್ಕೆ ಎರಡು ಕೋಟ್ ಹೆಚ್ಚು ಪೇಂಟ್ ಬಳಿದರೂ ತೂಕದ ಕೇಂದ್ರ ಹಿಂದೆ ಸರಿಯುತ್ತದೆ. ಮಿತಿ ಮೀರಿದರೆ ಮೂಗು ತಾನಾಗಿ ಮೇಲೇಳುತ್ತದೆ, ಪೈಲಟ್ ಎಷ್ಟು ತಳ್ಳಿದರೂ ಇಳಿಯದೇ ಹೋಗಬಹುದು.

ಹಾಗಾದರೆ ಕಾನೂನು?

ವಿಮಾನ ಸರಿಪಡಿಸಿ ಶೆಡ್‌ನಲ್ಲಿ ಇಟ್ಟುಕೊಂಡರೆ ಅದು ವಸ್ತು. ಹಾರಿಸಬೇಕಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಅದನ್ನು ‘ವಿಟಿ’ಯಿಂದ ಶುರುವಾಗುವ ನಂಬರ್ ಕೊಟ್ಟು ನೋಂದಾಯಿಸಬೇಕು, ಹಾರಾಟಕ್ಕೆ ಪರ್ಮಿಟ್ ಕೊಡಬೇಕು. ಹಾರಿಸುವವರಿಗೆ ಲೈಸೆನ್ಸ್ ಇರಬೇಕು. “ಸಣ್ಣ ವಿಮಾನಕ್ಕೆ ಪರವಾನಗಿ ಬೇಡ” ಎಂಬ ಮಾತು ಅಮೆರಿಕದ ಒಂದು ನಿಯಮದ ಎರವಲು. ಅಲ್ಲಿ ಒಂದೇ ಸೀಟಿನ, ಸುಮಾರು 115 ಕೆ.ಜಿ.ಗಿಂತ ಹಗುರ ಯಂತ್ರಗಳಿಗೆ ಆ ವಿನಾಯಿತಿ ಇದೆ. ನಮ್ಮಲ್ಲಿ ನಡೆಯುವುದಿಲ್ಲ.

ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಮುಂಬೈಯ ಅಮೋಲ್ ಯಾದವ್ ಉದಾಹರಣೆ. ಸ್ವತಃ ವೃತ್ತಿಪರ ಪೈಲಟ್ ಆದ ಅವರು ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಪರ್ಮಿಟ್ 2019ರಲ್ಲಿ. ಈ ವಿಳಂಬವನ್ನು ನಾವು ಸಮರ್ಥಿಸುವುದಿಲ್ಲ. ಮನೆಯಲ್ಲಿ ಕಟ್ಟುವವರಿಗೆ ಬ್ರಿಟನ್ನಿನಲ್ಲಿರುವಂಥ ಸರಳ ತಪಾಸಣಾ ವ್ಯವಸ್ಥೆ ನಮ್ಮಲ್ಲಿಲ್ಲದಿರುವುದು ಕೊರತೆಯೇ. ಹಾಗೆಂದು ಕದ್ದು ಹಾರಿಸಿದರೆ ಬಟ್ಟೆಯ ಬಲವೇನೂ ಹೆಚ್ಚುವುದಿಲ್ಲ.

ಬೆಂಗಳೂರು ಗ್ರಾಮಾಂತರಕ್ಕೆ ಇನ್ನೊಂದು ತೊಡಕು ಇದೆ. 2008ರ ಮೇ 24ರಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಓಡುತ್ತಿದೆ, ಪಕ್ಕದಲ್ಲೇ ಯಲಹಂಕ ವಾಯುನೆಲೆ. ಸುತ್ತಲಿನ ಆಕಾಶದಲ್ಲಿ ಹಾರಲು ವಾಯು ಸಂಚಾರ ನಿಯಂತ್ರಕರ ಅನುಮತಿ ಬೇಕು. ಒಣಗಿದ ಕೆರೆಯಂಗಳ ಸಪಾಟಾಗಿದೆ ಎಂದು ಅದನ್ನೇ ರನ್‌ವೇ ಮಾಡಿಕೊಳ್ಳುವ ಯೋಚನೆ ಅಲ್ಲಿಗೇ ಬಿಡಬೇಕು.

2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಫುಲಸಾವಂಗಿಯಲ್ಲಿ 24 ವರ್ಷದ ವೆಲ್ಡಿಂಗ್ ಕೆಲಸಗಾರನೊಬ್ಬ ತಾನೇ ಕಟ್ಟಿದ ಹೆಲಿಕಾಪ್ಟರ್ ಅನ್ನು ಪರೀಕ್ಷಿಸುತ್ತಿದ್ದ. ಹಿಂದಿನ ರೆಕ್ಕೆ ಮುರಿದು ಮುಖ್ಯ ರೆಕ್ಕೆಗೆ ಬಡಿಯಿತು, ಆ ರೆಕ್ಕೆ ಅವನ ತಲೆಗೆ ಹೊಡೆಯಿತು. ಯಂತ್ರ ಇನ್ನೂ ನೆಲದ ಮೇಲೇ ಇತ್ತು. ಪ್ರತಿಭೆ ಅವನಲ್ಲಿ ಕಡಿಮೆ ಇರಲಿಲ್ಲ. ಮುರಿಯುವ ಭಾಗ ಯಾವುದೆಂದು ಮೊದಲೇ ನೋಡಿ ಹೇಳುವ ತಪಾಸಕ ಪಕ್ಕದಲ್ಲಿರಲಿಲ್ಲ.

ಯಾರಾದರೂ ನಿಮಗೆ ಬಳಸಿದ ಕಿಟ್ ವಿಮಾನ ಅಗ್ಗಕ್ಕೆ ತೋರಿಸಿದರೆ, ಎಂಜಿನ್ ಸದ್ದು ಕೇಳುವ ಮೊದಲು ಕಾಗದ ಕೇಳಿ: ನೋಂದಣಿ ಪತ್ರ, ವಿಮಾನದ ಮತ್ತು ಎಂಜಿನ್‌ನ ಲಾಗ್‌ಬುಕ್, ಕಿಟ್ ಕಂಪನಿಯ ಜೋಡಣಾ ಕೈಪಿಡಿ, ಕೊನೆಯ ತೂಕದ ವರದಿ. ಲಾಗ್‌ಬುಕ್ ಇಲ್ಲವೆಂದರೆ ಆ ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ಹೇಳಬಲ್ಲವರು ಯಾರೂ ಇಲ್ಲ. ಆಗ ನೀವು ಕೊಡುವ ಹಣ ಅಲ್ಯೂಮಿನಿಯಂ ಪೈಪ್‌ಗೆ ಮಾತ್ರ.